ಇಂಗ್ಲೆಂಡಿನ ಹಳೆಯ ಜಡ್ಜ್‌ಗಳ ಹೆಸರು ಬಿಡಿಸಿ ಓದುವುದು ಹೇಗೆ

ಹೋದ ವರ್ಷ ಜುಲೈ. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಕಾನೂನು ಕಾಲೇಜಿನ ಹುಡುಗರಿಗೆ ಲೀಗಲ್ ಹಿಸ್ಟರಿ ಪಾಠ ಮಾಡುತ್ತಾ ಬೋರ್ಡಿನ ಮೇಲೆ 'ಹೆನ್ರಿ ದ ಬ್ರಾಕ್ಟನ್' ಎಂದು ಇಂಗ್ಲೆಂಡಿನ ಒಬ್ಬ ಹಳೆಯ ಜಡ್ಜ್‌ನ ಹೆಸರು ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಬ್ರಾಕ್ಟನ್ ಅಂದ್ರ ಏನ್ರಿ ಅರ್ಥ?"

ಆ ಪ್ರಶ್ನೆಗೇ ಪೂರ್ತಿ ಪೀರಿಯಡ್ ಹಿಡಿಯಿತು. ಯಾಕೆಂದರೆ ಬ್ರಾಕ್ಟನ್ ಅನ್ನುವುದು ಊರಿನ ಹೆಸರು. ಅದೂ ತಪ್ಪಾಗಿ ಬರೆದದ್ದು. ಆತ ಡೆವನ್ ಸೀಮೆಯವನು, ಅಲ್ಲಿನ ಬ್ರಾಟನ್ ಎಂಬ ಊರಿನ ಕಡೆಯವನು. ಪ್ರತಿ ಮಾಡಿದವರ ಕೈಯಲ್ಲಿ ಬ್ರಾಟನ್ ಹೋಗಿ ಬ್ರಾಕ್ಟನ್ ಆಯಿತು, ಅದೇ ನಿಂತುಬಿಟ್ಟಿತು. 1268ರಲ್ಲಿ ತೀರಿಕೊಂಡ ಮನುಷ್ಯನನ್ನು ನಾವು ಇವತ್ತಿಗೂ ಯಾರೋ ಗುಮಾಸ್ತ ತಪ್ಪು ಬರೆದ ಹೆಸರಿನಿಂದ ಕರೆಯುತ್ತಿದ್ದೇವೆ. ಅಪ್ಪ ಅಮ್ಮ ಇಟ್ಟ ಹೆಸರು ಹೆನ್ರಿ. ಅರ್ಥ ಹುಡುಕಬೇಕಾದದ್ದು ಆ ಹೆನ್ರಿಯಲ್ಲಿ.

ಆ ದಿನದಿಂದ ನನ್ನ ವಿದ್ಯಾರ್ಥಿಗಳಿಗೆ ಇದನ್ನೊಂದು ಕೆಲಸವಾಗಿ ಕೊಡುತ್ತೇನೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ಹಳೆಯ ಜಡ್ಜ್. ಅವನ ಹೆಸರು ಬಿಡಿಸಿ ತರಬೇಕು. ಇಂಗ್ಲೆಂಡಿನ ಕಾನೂನು ಚರಿತ್ರೆ ಓದುವವರಿಗೆ ಈ ಹೆಸರುಗಳು ಕಾಯ್ದೆಯ ಸೆಕ್ಷನ್ ನಂಬರಿನ ಹಾಗೆ ಒಣಗಿ ಕಾಣುತ್ತವೆ. ಬಿಡಿಸಿದ ಮೇಲೆ ಅವರು ಯಾವುದೋ ಊರಿನ, ಯಾರದೋ ಮನೆಯ ಮಕ್ಕಳಾಗಿ ಕಾಣುತ್ತಾರೆ. ನಾನು ಹೇಗೆ ಮಾಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಲ್ಯಾಟಿನ್ ಬರಬೇಕಿಲ್ಲ. ಒಂದು ನೋಟ್‌ಬುಕ್ ಸಾಕು.

ಮೊದಲು ಹೆಸರನ್ನೂ ಊರನ್ನೂ ಬೇರೆ ಮಾಡಿ

ಉತ್ತರ ಕರ್ನಾಟಕದವರಿಗೆ ಈ ಕೆಲಸ ಬಹಳ ಸುಲಭ. ನಮ್ಮ ಅಡ್ಡಹೆಸರುಗಳನ್ನೇ ನೋಡಿ. ಊರಿನಿಂದ ಬಂದವು: ಬೆಟಗೇರಿ, ಸವಣೂರ, ಹುಬ್ಬಳ್ಳಿ. ಕೆಲಸದಿಂದ ಬಂದವು: ಬಡಿಗೇರ, ಪತ್ತಾರ, ಹೂಗಾರ, ಕುಲಕರ್ಣಿ. ಇನ್ನು ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಇರುವ ಮನೆತನಗಳು ಯಾರಿಗೆ ಗೊತ್ತಿಲ್ಲ? ಇಂಗ್ಲೆಂಡಿನಲ್ಲೂ ಹೀಗೇ. ಊರು, ಅಪ್ಪನ ಹೆಸರು, ಕೆಲಸ, ಜನ ಕರೆದ ಅಡ್ಡಹೆಸರು. ಈ ನಾಲ್ಕರಲ್ಲಿ ಯಾವುದು ಅಂತ ಮೊದಲು ಗುರುತಿಸಿ, ಪಕ್ಕಕ್ಕೆ ಇಡಿ.

ನಡುವೆ 'ದ' ಬಂದರೆ ಮುಂದಿನದು ಊರು. ರಾಲ್ಫ್ ದ ಹೆಂಗಮ್, ಗಿಲ್ಬರ್ಟ್ ದ ಥಾರ್ನ್‌ಟನ್. 'ಫಿಟ್ಸ್' ಬಂದರೆ ಮುಂದಿನದು ಅಪ್ಪನ ಹೆಸರು. ಜೆಫ್ರಿ ಫಿಟ್ಸ್ ಪೀಟರ್ ಅಂದರೆ ಪೀಟರನ ಮಗ ಜೆಫ್ರಿ. ಈತ 1198ರಿಂದ 1213ರವರೆಗೆ ಇಂಗ್ಲೆಂಡಿನ ಜಸ್ಟಿಷಿಯರ್ ಆಗಿದ್ದ. ಅಂದರೆ ಕೋರ್ಟಿಗೂ ರಾಜ್ಯಕ್ಕೂ ರಾಜನ ಕೆಳಗೆ ಅವನೇ ದೊಡ್ಡವನು. ಹಳೆಯ ದಾವೆ ಕಾಗದ, ಮೈಸೂರು ಕಡೆಯ ಪಹಣಿ ನೋಡಿದವರಿಗೆ 'ಫಿಟ್ಸ್' ಹೊಸದೇನಲ್ಲ. ರಂಗಪ್ಪ ಬಿನ್ ತಿಮ್ಮಪ್ಪ, ಲಕ್ಷ್ಮಮ್ಮ ಕೋಂ ರಂಗಪ್ಪ ಎಂದು ಬರೆಯುತ್ತಾರಲ್ಲ, ಆ 'ಬಿನ್' ಮಾಡುವ ಕೆಲಸವನ್ನೇ ಅಲ್ಲಿ ಫಿಟ್ಸ್ ಮಾಡುತ್ತದೆ.

ಒಂದು ಎಚ್ಚರಿಕೆ. ಇಬ್ಬರಿಗೆ ಒಂದೇ ಊರಿನ ಹೆಸರು ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ಎಂದುಕೊಳ್ಳಬೇಡಿ. ಸೈಮನ್ ಆಫ್ ಪ್ಯಾಟಿಶಲ್, ಮಾರ್ಟಿನ್ ಆಫ್ ಪ್ಯಾಟಿಶಲ್ ಇಬ್ಬರೂ ದೊಡ್ಡ ಜಡ್ಜ್‌ಗಳು. ಪ್ಯಾಟಿಶಲ್ ನಾರ್ಥಾಂಪ್ಟನ್‌ಶೈರ್‌ನ ಒಂದು ಹಳ್ಳಿ. ಮಾರ್ಟಿನ್ ಮೊದಲು ಸೈಮನ್‌ನ ಗುಮಾಸ್ತನಾಗಿದ್ದ, ಅವನ ಕೈಕೆಳಗೆ ಕಲಿತ. ನಮ್ಮಲ್ಲಿ ಬೆಟಗೇರಿಯವರೆಲ್ಲ ಒಂದೇ ಮನೆಯವರಲ್ಲ, ಅಲ್ವಾ? ಹಾಗೆಯೇ ಇದೂ.

ಲ್ಯಾಟಿನ್ ಬಾಲ ತೆಗೆಯಿರಿ

ನಮ್ಮ ಅಜ್ಜ ಮೋಡಿ ಲಿಪಿಯ ಹಳೆಯ ಕಾಗದ ಓದುತ್ತಿದ್ದರು. "ಅಕ್ಷರ ಆಮ್ಯಾಲೆ ನೋಡು, ಮೊದಲ ಗೀಟು ನೋಡು" ಎನ್ನುತ್ತಿದ್ದರು. ಇಂಗ್ಲೆಂಡಿನ ಕೋರ್ಟ್ ಸುರುಳಿಗಳ ಫೋಟೋ ಮೊದಲ ಸಲ ನೋಡಿದಾಗ ನನಗೆ ಅದೇ ಮಾತು ನೆನಪಾಯಿತು.

ಪ್ಲೀ ರೋಲ್ ಅಂತ ಕರೆಯುವ ಈ ಸುರುಳಿಗಳು ಕುರಿಚರ್ಮದವು. ಈಗ ಉಳಿದಿರುವವುಗಳಲ್ಲಿ ತೀರಾ ಹಳೆಯವು 1194ರ ಕಾಲದವು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇವೆ. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಇವುಗಳ ಲಕ್ಷಗಟ್ಟಲೆ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದಾರೆ. ದುಡ್ಡು ಕೊಡಬೇಕಿಲ್ಲ. ಧಾರವಾಡದಲ್ಲಿ ಮನೆಯ ಜಗಲಿಯ ಮೇಲೆ ಕೂತು ಏಳು ನೂರು ವರ್ಷ ಹಿಂದಿನ ಕಾಗದ ನೋಡಬಹುದು.

ಆದರೆ ಅಲ್ಲಿ 'ಜಾನ್' ಎಂದು ಹುಡುಕಿದರೆ ಸಿಗುವುದಿಲ್ಲ. ಸುರುಳಿಯ ಭಾಷೆ ಲ್ಯಾಟಿನ್. ಎಲ್ಲ ಹೆಸರಿಗೂ ಲ್ಯಾಟಿನ್ ಬಾಲ. ವಿಲಿಯಂ ಅಲ್ಲಿ ವಿಲ್ಲೆಲ್ಮುಸ್. ಜಾನ್ ಯೊಹಾನೆಸ್. ಹೆನ್ರಿ ಹೆನ್ರಿಕುಸ್. ಚರ್ಮ ತುಟ್ಟಿ, ಗುಮಾಸ್ತನಿಗೆ ಪುರುಸೊತ್ತಿಲ್ಲ. ಹಾಗಾಗಿ ಮೊದಲ ಮೂರು ನಾಲ್ಕು ಅಕ್ಷರ ಬರೆದು, ಮೇಲೆ ಒಂದು ಗೀಟು ಎಳೆದು ಮುಗಿಸುತ್ತಾನೆ. ಆ ಗೀಟು ಕಂಡರೆ 'ಇಲ್ಲಿ ಅಕ್ಷರ ನುಂಗಿದ್ದಾರೆ' ಎಂದು ತಿಳಿಯಿರಿ.

ಹೆಚ್ಚಿನವು ಬಾಲ ಕತ್ತರಿಸಿದರೆ ಸಾಕು, ಸಿಕ್ಕಿಬಿಡುತ್ತವೆ. ಕೆಲವು ಮೋಸ ಮಾಡುತ್ತವೆ. ಗಾಲ್ಫ್ರಿಡುಸ್ ಅಂದರೆ ಜೆಫ್ರಿ. ಎಗಿಡಿಯುಸ್ ಅಂದರೆ ಜೈಲ್ಸ್. ಯಾಕೋಬುಸ್ ಅಂದರೆ ಜೇಮ್ಸ್. ಇವನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ರಾಡುಲ್ಫುಸ್. ಇದು ರಾಲ್ಫ್. ನಾನು ಒಮ್ಮೆ ಇದನ್ನು ರುಡಾಲ್ಫ್ ಎಂದು ಓದಿ, ಒಂದು ಬ್ಯಾಚಿಗೆ ಪೂರ್ತಿ ತಪ್ಪು ಅರ್ಥ ಹೇಳಿಬಿಟ್ಟೆ. ಮುಂದಿನ ವಾರ ಕ್ಲಾಸಿನಲ್ಲೇ ತಿದ್ದಿದೆ. ರುಡಾಲ್ಫ್‌ನ ಮೊದಲ ಭಾಗ 'ಕೀರ್ತಿ'. ರಾಲ್ಫ್‌ನ ಮೊದಲ ಭಾಗ 'ಸಲಹೆ, ಆಲೋಚನೆ'. ಎರಡರಲ್ಲೂ ಕೊನೆಗೆ 'ತೋಳ' ಇದೆ, ಅದಕ್ಕೇ ಕಣ್ಣು ಜಾರುತ್ತದೆ. ರಾನುಲ್ಫುಸ್ ಎಂಬ ಇನ್ನೊಂದು ತೋಳವೂ ಇದೆ, ಅದು ರಾನುಲ್ಫ್. ಎರಡನೇ ಹೆನ್ರಿಯ ಜಸ್ಟಿಷಿಯರ್ ರಾನುಲ್ಫ್ ದ ಗ್ಲಾನ್‌ವಿಲ್ ಈ ಹೆಸರಿನವನು. 1190ರಲ್ಲಿ ಧರ್ಮಯುದ್ಧಕ್ಕೆ ಹೋಗಿ ಏಕರ್ ಪಟ್ಟಣದ ಹತ್ತಿರ ತೀರಿಕೊಂಡ. ರಾಡ್, ರಾನ್, ರುಡ್. ಮೂರನ್ನೂ ಅಕ್ಷರ ಅಕ್ಷರ ನೋಡಿ ಓದಿ. ಗಡಿಬಿಡಿ ಮಾಡಬೇಡಿ.

ರಾಡುಲ್ಫ್ ಹೇಗೆ ರಾಲ್ಫ್ ಆಯಿತು ಎಂದು ಹುಡುಗರು ಕೇಳುತ್ತಾರೆ. ವೃಷಭ ಹೇಗೆ ಬಸವ ಆಯಿತೋ ಹಾಗೆ ಎನ್ನುತ್ತೇನೆ. ಬಾಯಿಂದ ಬಾಯಿಗೆ ಹೋಗುತ್ತಾ ಕಲ್ಲು ಸವೆದ ಹಾಗೆ ಹೆಸರು ಸವೆಯುತ್ತದೆ. ಹೆನ್ರಿಯನ್ನು ಆಗಿನ ಇಂಗ್ಲಿಷ್ ಜನ ಬಾಯಿಮಾತಿನಲ್ಲಿ ಹ್ಯಾರಿ ಎಂದೇ ಕರೆಯುತ್ತಿದ್ದರು. ನಮ್ಮ ಕೃಷ್ಣ ಕಿಟ್ಟಿ ಆಗುವುದಿಲ್ಲವೇ?

ಎರಡು ತುಂಡು ಮಾಡಿ, ಆದರೆ ಹೊಲಿಯಬೇಡಿ

ಇಂಗ್ಲೆಂಡಿಗೆ 1066ರಲ್ಲಿ ನಾರ್ಮನ್ನರು ಬಂದರು. ಅವರ ಮಾತು ಫ್ರೆಂಚ್. ಆದರೆ ಹೆಸರುಗಳು ಬಹುಪಾಲು ಹಳೆಯ ಜರ್ಮನಿಕ್ ಬುಡದವು. ಕೆಲವೇ ತಲೆಮಾರಿನಲ್ಲಿ ಇಂಗ್ಲಿಷರ ಹಳೆಯ ಹೆಸರುಗಳು ಹೆಚ್ಚುಕಡಿಮೆ ಅಳಿಸಿಹೋದವು. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ, ರೋಜರ್, ರಾಲ್ಫ್ ಎಲ್ಲ ಕಡೆ ತುಂಬಿಕೊಂಡವು.

ಈ ಹೆಸರುಗಳು ಎರಡು ತುಂಡಿನವು. ನಮ್ಮ ರಾಜ-ಶೇಖರ, ಚಂದ್ರ-ಕಾಂತ ಇದ್ದ ಹಾಗೆ. ತುಂಡುಗಳು ಕೆಲವೇ, ತಿರುಗಿಸಿ ಮುರುಗಿಸಿ ಅವೇ ಬರುತ್ತವೆ. 'ಬರ್ಟ್' ಅಂದರೆ ಹೊಳಪು. 'ರಿಕ್' ಅಂದರೆ ಅಧಿಕಾರ, ಒಡೆತನ. 'ಹಾರ್ಡ್' ಅಂದರೆ ಗಟ್ಟಿ. 'ಗೇರ್' ಅಂದರೆ ಈಟಿ. 'ಹೆಲ್ಮ್' ಅಂದರೆ ಯುದ್ಧದಲ್ಲಿ ತಲೆಗೆ ಹಾಕುವ ಕಬ್ಬಿಣದ ಟೊಪ್ಪಿಗೆ. 'ವುಲ್ಫ್' ತೋಳ. 'ವಾಲ್ಡ್' ಆಳ್ವಿಕೆ. 'ಹ್ರೋಡ್' ಕೀರ್ತಿ. 'ಹುಗ್' ಮನಸ್ಸು. 'ಹೈಮ್' ಮನೆ. 'ಗಿಸಿಲ್' ಒತ್ತೆ, ಅಂದರೆ ಮಾತಿಗೆ ಅಡವಾಗಿ ಇಟ್ಟ ಆಳು.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ರಾಬರ್ಟ್ ಅಂದರೆ ಕೀರ್ತಿ, ಹೊಳಪು. ರೋಜರ್ ಅಂದರೆ ಕೀರ್ತಿ, ಈಟಿ. ರಿಚರ್ಡ್ ಅಂದರೆ ಅಧಿಕಾರ, ಗಟ್ಟಿ. ಹ್ಯೂಬರ್ಟ್ ಅಂದರೆ ಮನಸ್ಸು, ಹೊಳಪು. ಹೆನ್ರಿ ಅಂದರೆ ಮನೆ, ಒಡೆತನ. ವಿಲಿಯಂ ಅಂದರೆ ಇಚ್ಛೆ, ಕಬ್ಬಿಣದ ಟೊಪ್ಪಿಗೆ.

ನಾನು ನಡುವೆ ಅಲ್ಪವಿರಾಮ ಹಾಕಿದ್ದು ಬೇಕೆಂದೇ. ಇಲ್ಲಿಯೇ ಎಲ್ಲರೂ ಎಡವುತ್ತಾರೆ. ಮಕ್ಕಳ ಹೆಸರಿನ ಜಾಲತಾಣಗಳಲ್ಲಿ 'ವಿಲಿಯಂ ಅಂದರೆ ದೃಢ ಸಂಕಲ್ಪದ ರಕ್ಷಕ' ಎಂದು ಬರೆದಿರುತ್ತಾರೆ. ಅದು ಯಾರೋ ಎರಡು ತುಂಡನ್ನು ಹೊಲಿದು ಮಾಡಿದ ಅಂಗಿ. ಆ ಕಾಲದ ಜನ ಹೆಸರನ್ನು ವಾಕ್ಯದ ಹಾಗೆ ಕಟ್ಟುತ್ತಿರಲಿಲ್ಲ.

ಇದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಸಾಕ್ಷಿ ಇದೆ. ವೂಸ್ಟರಿನ ಬಿಷಪ್ ಸಂತ ವುಲ್ಫ್‌ಸ್ಟನ್, 1095ರಲ್ಲಿ ತೀರಿಕೊಂಡವನು. ಅವನ ತಾಯಿ ವುಲ್ಫ್‌ಗಿಫು. ತಂದೆ ಆಥೆಲ್‌ಸ್ಟನ್. ತಾಯಿಯ ಹೆಸರಿನ ಮೊದಲ ತುಂಡು, ತಂದೆಯ ಹೆಸರಿನ ಕೊನೆಯ ತುಂಡು ಸೇರಿಸಿ ಮಗುವಿಗೆ ವುಲ್ಫ್‌ಸ್ಟನ್ ಎಂದಿಟ್ಟರು. ತೋಳ, ಕಲ್ಲು. 'ತೋಳದ ಕಲ್ಲು' ಅಂದರೆ ಏನು? ಏನೂ ಇಲ್ಲ. ಅದರ ಅರ್ಥ 'ನಮ್ಮಿಬ್ಬರ ಮಗ' ಎಂದು, ಅಷ್ಟೇ. ನಮ್ಮಲ್ಲಿ ಈಗ ಅಪ್ಪನ ಹೆಸರಿನ ಎರಡಕ್ಷರ, ಅಮ್ಮನ ಹೆಸರಿನ ಎರಡಕ್ಷರ ಸೇರಿಸಿ ಮಗುವಿಗೆ ಹೆಸರು ಕಟ್ಟುತ್ತಾರಲ್ಲ, ಆ ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದರೆ ಸಿಗುತ್ತದೆಯೇ?

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ತುಂಡಿನ ಅರ್ಥ ಬೇರೆ ಬೇರೆ ಬರೆಯಿರಿ. ಜೋಡಿಸಿ ವಾಕ್ಯ ಮಾಡಬೇಡಿ.

ಎಲ್ಲ ಹೆಸರೂ ಹೀಗೆ ಎರಡು ತುಂಡಾಗುವುದಿಲ್ಲ ಅನ್ನುವುದೂ ನೆನಪಿರಲಿ. ಜಾನ್, ಸೈಮನ್, ಎಲಿಯಾಸ್, ಸಾಲೊಮನ್ ಬೈಬಲ್ಲಿನಿಂದ, ಹೀಬ್ರೂ ಮಾತಿನಿಂದ ಬಂದವು. ಥಾಮಸ್ ಅರಾಮಿಕ್. ಸ್ಟೀಫನ್ ಗ್ರೀಕ್, ತಲೆಗೆ ಮುಡಿಯುವ ಹಾರ ಅಥವಾ ಕಿರೀಟ. ಮಾರ್ಟಿನ್ ಲ್ಯಾಟಿನ್, ಮಾರ್ಸ್ ಎಂಬ ಯುದ್ಧದೇವತೆಯ ಹೆಸರಿನಿಂದ ಹುಟ್ಟಿದ್ದು. ಹೆಸರು ಯಾವ ಭಾಷೆಯ ಮನೆಯದು ಅಂತ ಗೊತ್ತು ಮಾಡಿಕೊಳ್ಳದೆ ತುಂಡು ಮಾಡಲು ಹೋಗಬೇಡಿ.

ಇಟ್ಟವರು ಯಾಕೆ ಇಟ್ಟರು?

ಇದು ನನಗೆ ತುಂಬಾ ಮುಖ್ಯವಾದ ಹೆಜ್ಜೆ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಥಾಮಸ್ ಅಂದರೆ 'ಅವಳಿ'. ಆದರೆ 1200ರ ಸುಮಾರಿಗೆ ಮಗನಿಗೆ ಥಾಮಸ್ ಎಂದಿಟ್ಟ ಯಾವ ಇಂಗ್ಲಿಷ್ ತಾಯಿಯ ಮನಸ್ಸಿನಲ್ಲೂ ಅವಳಿಜವಳಿ ಇರಲಿಲ್ಲ. 1170ರ ಡಿಸೆಂಬರಿನಲ್ಲಿ ಕ್ಯಾಂಟರ್ಬರಿ ಚರ್ಚಿನೊಳಗೆ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ರಾಜನ ಕಡೆಯ ನೈಟ್‌ಗಳು ಕೊಂದರು. ಮೂರೇ ವರ್ಷಕ್ಕೆ ಅವನನ್ನು ಸಂತನೆಂದು ಸಾರಿದರು. ಸಮಾಧಿಗೆ ಜನ ಹರಕೆ ಹೊತ್ತು ಬಂದರು. ಆಮೇಲೆ ಮನೆಮನೆಯಲ್ಲಿ ಥಾಮಸ್. ಯಲ್ಲಪ್ಪ ಎಂಬ ಹೆಸರಿನ ಅರ್ಥ ತಿಳಿಯಬೇಕಾದರೆ ವ್ಯಾಕರಣದ ಪುಸ್ತಕಕ್ಕಿಂತ ಮೊದಲು ಸವದತ್ತಿಯ ಗುಡ್ಡ ಹತ್ತಬೇಕು. ಇದೂ ಹಾಗೇ.

ಎಡ್ವರ್ಡ್‌ನದು ಇನ್ನೂ ಚೆಂದ. ಇದು ಅಚ್ಚ ಹಳೆಯ ಇಂಗ್ಲಿಷ್ ಹೆಸರು. ಸಂಪತ್ತು, ಕಾವಲು. ನಾರ್ಮನ್ನರು ಬಂದ ಮೇಲೆ ರಾಜಮನೆತನದಲ್ಲಿ ಈ ಹೆಸರೇ ಇರಲಿಲ್ಲ. ಮೂರನೇ ಹೆನ್ರಿಗೆ, ನಾರ್ಮನ್ನರಿಗಿಂತ ಮುಂಚಿನ ರಾಜ ಸಂತ ಎಡ್ವರ್ಡ್ ಅಂದರೆ ಮನೆದೇವರಷ್ಟು ಭಕ್ತಿ. 1239ರಲ್ಲಿ ಗಂಡುಮಗು ಹುಟ್ಟಿದಾಗ ಆ ಹೆಸರಿಟ್ಟ. ಆ ಮಗುವೇ ಮುಂದೆ ಒಂದನೇ ಎಡ್ವರ್ಡ್ ಆಗಿ ಅರ್ಧ ನ್ಯಾಯಪೀಠವನ್ನೇ ಗುಡಿಸಿ ಹಾಕಿದ. ಆ ಕಥೆ ಮುಂದೆ ಬರುತ್ತದೆ.

ಹೆಸರು ಇಡುವ ಹಕ್ಕು ಯಾರದು ಅನ್ನುವುದನ್ನೂ ನೋಡಬೇಕು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಅಲ್ಲಿ ದೀಕ್ಷಾಸ್ನಾನದ ದಿನ ಧರ್ಮಪಿತ ಹೆಸರು ಹೇಳುತ್ತಿದ್ದ. ಬಹಳ ಸಲ ತನ್ನ ಹೆಸರನ್ನೇ ಇಡುತ್ತಿದ್ದ. ಅದಕ್ಕೇ ಒಂದೇ ಮನೆಯಲ್ಲಿ ಇಬ್ಬರು ಜಾನ್ ಇರುವುದು ಉಂಟು. ಹಾಗಿರುವಾಗ ಒಬ್ಬ ಜಡ್ಜ್‌ನ ಹೆಸರು ವಿಲಿಯಂ ಅಂದರೆ, ಅಪ್ಪ ಅಮ್ಮನಿಗೆ ಮಗ ಸಂಕಲ್ಪಶಾಲಿ ಆಗಲಿ ಎಂಬ ಆಸೆ ಇತ್ತು ಎಂದು ಹೇಳಲು ಬರುವುದಿಲ್ಲ. ಪಕ್ಕದ ಜಮೀನಿನ ವಿಲಿಯಂ ಧರ್ಮಪಿತನಾಗಿ ಬಂದಿದ್ದಿರಬಹುದು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಎರಡು ಅರ್ಥಕ್ಕೂ ಜಾಗ ಬಿಡಿ. ಒಂದು ಬೇರಿನ ಅರ್ಥ. ಇನ್ನೊಂದು ಇಟ್ಟ ಕಾರಣ.

ಒಂದು ಸಾಲು ಪೂರ್ತಿ ಬಿಡಿಸೋಣ

ನನಗೆ ಬಹಳ ಪ್ರೀತಿಯ ಸಾಲು ಇದು. ಸೈಮನ್ ಆಫ್ ಪ್ಯಾಟಿಶಲ್ ಜಡ್ಜ್. ಅವನ ಗುಮಾಸ್ತ ಮಾರ್ಟಿನ್. ಮಾರ್ಟಿನ್ ಜಡ್ಜ್ ಆದ, ಅವನ ಗುಮಾಸ್ತ ವಿಲಿಯಂ ಆಫ್ ರಾಲಿ. ವಿಲಿಯಂ ಜಡ್ಜ್ ಆದ, ಅವನ ಗುಮಾಸ್ತ ನಮ್ಮ ಹೆನ್ರಿ, ಬ್ರಾಟನ್ ಊರಿನವನು. ಒಬ್ಬರ ಪಾದದ ಹತ್ತಿರ ಇನ್ನೊಬ್ಬರು ಕೂತು ಕಲಿತ ನಾಲ್ಕು ತಲೆಮಾರು. ಘರಾನೆ ಎಂದರೆ ಧಾರವಾಡದವರಿಗೆ ಬೇಗ ಅರ್ಥವಾಗುತ್ತದೆ.

ಸೈಮನ್ ಹೀಬ್ರೂ ಹೆಸರು. 'ಆಲಿಸು' ಎಂಬ ಮಾತಿನಿಂದ ಬಂದದ್ದು. ಮಾರ್ಟಿನ್ ಲ್ಯಾಟಿನ್, ಯುದ್ಧದೇವತೆಯ ಹೆಸರು. ಆದರೆ ಇಟ್ಟ ಕಾರಣ ಟೂರ್ಸ್ ಪಟ್ಟಣದ ಸಂತ ಮಾರ್ಟಿನ್. ಚಳಿಯಲ್ಲಿ ನಡುಗುವ ಭಿಕ್ಷುಕನಿಗೆ ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಎರಡು ಮಾಡಿ ಅರ್ಧ ಕೊಟ್ಟವನು ಎಂದು ಅವನ ಕಥೆ. ಹೆಸರಿನ ಬೇರಿನಲ್ಲಿ ಯುದ್ಧ, ಇಟ್ಟ ಕಾರಣದಲ್ಲಿ ಕರುಣೆ. ಬೇರನ್ನಷ್ಟೇ ನೋಡಿದರೆ ಎಷ್ಟು ತಪ್ಪಾಗುತ್ತದೆ ನೋಡಿ. ವಿಲಿಯಂ, ಹೆನ್ರಿ ಎರಡೂ ಜರ್ಮನಿಕ್, ಎರಡೂ ರಾಜರ ಹೆಸರು.

ಮಾರ್ಟಿನ್ 1229ರಲ್ಲಿ ಹೋದ. ವಿಲಿಯಂ ಮುಂದೆ ಬಿಷಪ್ ಆಗಿ 1250ರಲ್ಲಿ ತೀರಿಕೊಂಡ. ಇವರಿಬ್ಬರ ಸುರುಳಿಗಳಿಂದಲೇ ಬ್ರಾಕ್ಟನ್ ತೀರ್ಪುಗಳನ್ನು ಆರಿಸಿದ. ಸುಮಾರು 2000 ತೀರ್ಪುಗಳನ್ನು ಬರೆದಿಟ್ಟ ಒಂದು ನೋಟ್‌ಬುಕ್ 1884ರಲ್ಲಿ ವಿನೊಗ್ರಾಡಾಫ್ ಎಂಬ ರಷ್ಯನ್ ವಿದ್ವಾಂಸರ ಕಣ್ಣಿಗೆ ಬಿತ್ತು. 1887ರಲ್ಲಿ ಇಂಗ್ಲೆಂಡಿನ ಕಾನೂನು ಚರಿತ್ರೆಕಾರ ಮೇಟ್‌ಲ್ಯಾಂಡ್ ಅದನ್ನು ಅಚ್ಚು ಹಾಕಿಸಿದರು. 'ರಾಜ ಯಾವ ಮನುಷ್ಯನ ಕೆಳಗೂ ಇಲ್ಲ, ಆದರೆ ದೇವರ ಕೆಳಗೆ, ಕಾನೂನಿನ ಕೆಳಗೆ ಇದ್ದಾನೆ' ಎಂಬ ಮಾತು ಬ್ರಾಕ್ಟನ್ ಹೆಸರಿನ ದೊಡ್ಡ ಪುಸ್ತಕದಲ್ಲಿದೆ. ನನ್ನ ಕ್ಲಾಸಿನಲ್ಲಿ ಈ ಮಾತು ಬಂದಾಗ ನಾನು ಇನ್ನೂ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತೇನೆ.

ಹೆಸರಿನಲ್ಲಿ ಗುಣ ಹುಡುಕಬೇಡಿ

ಒಬ್ಬ ಹುಡುಗ ಬಹಳ ಜಾಣ. 1289ರ ಜಡ್ಜ್‌ಗಳ ಪಟ್ಟಿ ತೆಗೆದುಕೊಂಡು ಬಂದು, "ಮೇಡಂ, ಹೆಸರಿನಂಗ ನಡತಿ ಐತ್ರಿ, ನೋಡ್ರಿ ಇಲ್ಲೆ" ಎಂದ.

ನಡೆದದ್ದು ಇಷ್ಟು. ಒಂದನೇ ಎಡ್ವರ್ಡ್ ಮೂರು ವರ್ಷ ಫ್ರಾನ್ಸಿನ ಗ್ಯಾಸ್ಕನಿಯಲ್ಲಿದ್ದು 1289ರ ಆಗಸ್ಟಿನಲ್ಲಿ ಮರಳಿದ. ಜಡ್ಜ್‌ಗಳ ಮೇಲೆ ದೂರಿನ ರಾಶಿ ಬಿದ್ದಿತ್ತು. ದೂರು ಕೇಳಲು ಬೇರೆಯವರನ್ನು ನೇಮಿಸಿದ. ದೊಡ್ಡ ದೊಡ್ಡವರೆಲ್ಲ ಕುರ್ಚಿ ಕಳೆದುಕೊಂಡರು. ಕಿಂಗ್ಸ್ ಬೆಂಚ್ ಎಂಬ ದೊಡ್ಡ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಾಲ್ಫ್ ದ ಹೆಂಗಮ್‌ನ ಕುರ್ಚಿ ಹೋಯಿತು. ಕಾಮನ್ ಪ್ಲೀಸ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಥಾಮಸ್ ವೇಲ್ಯಾಂಡ್ ಮೇಲೆ ಕೊಲೆಗಾರರಿಗೆ ಆಸರೆ ಕೊಟ್ಟ ಆರೋಪ. ಅವನು ಓಡಿಹೋಗಿ ಬರಿ ಸೇಂಟ್ ಎಡ್ಮಂಡ್ಸ್ ಹತ್ತಿರದ ಸನ್ಯಾಸಿ ಮಠದಲ್ಲಿ ಅಡಗಿದ. ಮಠಕ್ಕೆ ಕಾವಲು ಹಾಕಿ, ಊಟ ಒಳಗೆ ಹೋಗದ ಹಾಗೆ ಮಾಡಿ ಹೊರಗೆ ಬರಿಸಿದರು. ಕೊನೆಗೆ ದೇಶ ಬಿಟ್ಟು ಹೋಗುತ್ತೇನೆಂದು ಆಣೆ ಮಾಡಿ, ಬರಿಗಾಲಲ್ಲಿ ಶಿಲುಬೆ ಹಿಡಿದು ಡೋವರ್ ಬಂದರಿನ ದಾರಿ ಹಿಡಿದ. ಕಾಮನ್ ಪ್ಲೀಸ್‌ನಲ್ಲಿ ಕಳಂಕವಿಲ್ಲದೆ ಉಳಿದವರು ಇಬ್ಬರು. ಜಾನ್ ಆಫ್ ಮೆಟಿಂಗಮ್, ಎಲಿಯಾಸ್ ಆಫ್ ಬೆಕಿಂಗಮ್.

ಹುಡುಗನ ವಾದ ಹೀಗಿತ್ತು. ರಾಲ್ಫ್ ಹೆಸರಿನಲ್ಲಿ ತೋಳ ಇದೆ, ಹೋದ. ಜಾನ್ ಅಂದರೆ 'ದೇವರು ಕೃಪೆ ತೋರಿದ', ಎಲಿಯಾಸ್ ಅಂದರೆ 'ಯೆಹೋವನೇ ನನ್ನ ದೇವರು', ಉಳಿದರು. ಕೇಳೋಕೆ ಚೆನ್ನಾಗಿದೆ, ಅಲ್ವಾ?

ನಾನು ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿನ ಮೇಲೆ ಬೆರಳಿಟ್ಟೆ. ಸಾಲೊಮನ್ ಆಫ್ ರಾಚೆಸ್ಟರ್. ಬೈಬಲ್ಲಿನಲ್ಲಿ ನ್ಯಾಯ ಅಂದರೆ ಸಾಲೊಮನ್. ಒಂದು ಮಗುವಿಗಾಗಿ ಇಬ್ಬರು ತಾಯಂದಿರು ಜಗಳವಾಡಿದಾಗ ನಿಜವಾದ ತಾಯಿ ಯಾರೆಂದು ಕಂಡುಹಿಡಿದ ರಾಜ. ಹೆಸರಿನ ಬೇರು 'ಶಾಂತಿ'. ಜಡ್ಜ್‌ಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗಬೇಕು? ಆದರೂ ಈ ಸಾಲೊಮನ್ ಕೂಡ ಆ ಸಲ ಕುರ್ಚಿ ಕಳೆದುಕೊಂಡವರಲ್ಲಿ ಒಬ್ಬ. ಇನ್ನು ತೋಳದ ಹೆಸರಿನ ಹೆಂಗಮ್‌ನನ್ನು ರಾಜನೇ 1301ರಲ್ಲಿ ಮತ್ತೆ ಕರೆದು ಕಾಮನ್ ಪ್ಲೀಸ್‌ನ ಮುಖ್ಯ ನ್ಯಾಯಮೂರ್ತಿ ಮಾಡಿದ. 1305ರಲ್ಲಿ ಒಬ್ಬ ವಕೀಲ ಕಾಯ್ದೆಗೆ ತನ್ನದೇ ವ್ಯಾಖ್ಯಾನ ಹೇಳಲು ಹೋದಾಗ ಹೆಂಗಮ್ ಹೇಳಿದ ಮಾತು, ಆ ಕಾಲದ ಕೋರ್ಟಿನ ವಾದಗಳನ್ನು ಬರೆದಿಟ್ಟ ಇಯರ್ ಬುಕ್‌ನಲ್ಲಿದೆ: 'ಕಾಯ್ದೆಗೆ ಟೀಕೆ ಬರೆಯಬೇಡ. ನಿನಗಿಂತ ಚೆನ್ನಾಗಿ ನಮಗೆ ಗೊತ್ತು, ಅದನ್ನು ಮಾಡಿದವರು ನಾವು.'

ಹುಡುಗ ಸ್ವಲ್ಪ ಹೊತ್ತು ಪಟ್ಟಿ ನೋಡಿದ. ಆಮೇಲೆ ಸಾಲೊಮನ್‌ನ ಕಥೆಯನ್ನೇ ತನ್ನ ಅಸೈನ್‌ಮೆಂಟ್‌ಗೆ ತೆಗೆದುಕೊಂಡ.

ಹೆಸರು ನಿಮಗೆ ಹೇಳುವುದು ಇಟ್ಟವರ ಕಾಲ, ಭಾಷೆ, ಭಕ್ತಿ. ಇಟ್ಟುಕೊಂಡವನ ನಡತೆ ಬೇಕಿದ್ದರೆ ಅವನ ಸುರುಳಿ ಓದಬೇಕು. ಈ ಎರಡು ಕೆಲಸವನ್ನು ಒಂದರಲ್ಲಿ ಒಂದು ಬೆರೆಸಬೇಡಿ.

ಪಕ್ಕಕ್ಕೆ ಇಟ್ಟ ಊರಿನ ಹೆಸರಿಗೆ ಮರಳಿ

ಇದು ಬೇಗ ಮುಗಿಯುತ್ತದೆ. ನಮ್ಮ -ಹಳ್ಳಿ, -ಕೆರೆ, -ಪುರ ಇದ್ದ ಹಾಗೆ ಅಲ್ಲಿ -ಟನ್, -ಹ್ಯಾಮ್, -ಥಾರ್ಪ್. ಟನ್ ಅಂದರೆ ಹೊಲಮನೆ. ಸ್ಟಾಂಟನ್ ಕಲ್ಲಿನ ಹೊಲಮನೆ, ಲಿಟಲ್‌ಟನ್ ಚಿಕ್ಕ ಹೊಲಮನೆ. ಹ್ಯಾಮ್ ಅಂದರೆ ಸಾಮಾನ್ಯವಾಗಿ ವಾಸದ ಊರು. ಥಾರ್ಪ್ ಸ್ಕ್ಯಾಂಡಿನೇವಿಯಾದವರ ಮಾತು, ದೊಡ್ಡ ಊರಿಗೆ ಸೇರಿದ ಸಣ್ಣ ಹಳ್ಳಿ. ಹೆಸರು 'ಟ್ರೆ' ಎಂದು ಶುರುವಾದರೆ ಕಾರ್ನ್‌ವಾಲ್ ಕಡೆಯದು, ಅದು ಕಾರ್ನಿಷ್ ಭಾಷೆಯಲ್ಲಿ ಮನೆ, ವಸತಿ. 1381ರ ರೈತರ ದಂಗೆಯ ನಂತರ ಅದರ ಮುಂದಾಳು, ಪಾದ್ರಿ ಜಾನ್ ಬಾಲ್‌ಗೆ ಮರಣದಂಡನೆ ವಿಧಿಸಿದ ಜಡ್ಜ್ ರಾಬರ್ಟ್ ಟ್ರೆಸಿಲಿಯನ್ ಈ ಕಡೆಯವನು. ಏಳು ವರ್ಷಕ್ಕೆ, 1388ರಲ್ಲಿ, ಅವನನ್ನೇ ಟೈಬರ್ನ್‌ನಲ್ಲಿ ಗಲ್ಲಿಗೇರಿಸಿದರು.

ಊರಲ್ಲದ ಅಡ್ಡಹೆಸರೂ ಇವೆ. ಫೋರ್ಟೆಸ್ಕ್ಯೂ ಹಳೆಯ ಫ್ರೆಂಚಿನಲ್ಲಿ 'ಗಟ್ಟಿ ಗುರಾಣಿ'. ಗ್ಯಾಸ್ಕೋಯ್ನ್ ಅಂದರೆ ಗ್ಯಾಸ್ಕನಿಯವನು.

ಈ ಅಡ್ಡಹೆಸರಿನ ಜಡ್ಜ್ ವಿಲಿಯಂ ಗ್ಯಾಸ್ಕೋಯ್ನ್‌ನನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗಳು ಲೀಡ್ಸ್‌ನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಹೋಗಿದ್ದಾಗ, 36ನೇ ನಂಬರ್ ಬಸ್ ಹತ್ತಿಸಿ ಹೇರ್‌ವುಡ್ ಎಂಬ ಊರಿಗೆ ಕರೆದುಕೊಂಡು ಹೋದಳು. ಮರಗಳ ನಡುವೆ ಹಳೆಯ ಚರ್ಚು. ಒಳಗೆ ಅಲಬಾಸ್ಟರ್ ಕಲ್ಲಿನ ಸಮಾಧಿಗಳು. ಗಂಡ ಹೆಂಡತಿ ಪಕ್ಕಪಕ್ಕ ಮಲಗಿ ಕೈಮುಗಿದ ಮೂರ್ತಿಗಳು. ಬೇರೆ ಗಂಡಸರು ಕವಚ ತೊಟ್ಟ ನೈಟ್‌ಗಳು. ಇವನು ಮಾತ್ರ ಜಡ್ಜ್‌ನ ನಿಲುವಂಗಿಯಲ್ಲಿದ್ದಾನೆ. ತಲೆಗೆ ಅಂಟಿದ ಹಾಗೆ ಕೋಯ್ಫ್ ಎಂಬ ಕುಲಾವಿ. ಆ ಕಾಲದ ಹಿರಿಯ ವಕೀಲರೂ ಜಡ್ಜ್‌ಗಳೂ ಧರಿಸುತ್ತಿದ್ದದ್ದು ಅದು. ನಮ್ಮ ಕೂಸುಗಳ ಕುಲಾವಿಯ ಹಾಗೆಯೇ ಇದೆ.

ವಿಲಿಯಂ ಎಂಬ ಹೆಸರಿನೊಳಗೆ ಯುದ್ಧದ ಕಬ್ಬಿಣದ ಟೊಪ್ಪಿಗೆ ಇದೆ. ಕಲ್ಲಿನ ವಿಲಿಯಂನ ತಲೆಯ ಮೇಲೆ ಬಟ್ಟೆಯ ಕುಲಾವಿ. 1405ರಲ್ಲಿ ದಂಗೆ ಎದ್ದ ಆರ್ಚ್‌ಬಿಷಪ್ ಸ್ಕ್ರೋಪ್‌ಗೆ ಮರಣದಂಡನೆ ಬರೆ ಎಂದು ರಾಜ ಹೇಳಿದಾಗ ಈತ ಒಪ್ಪಲಿಲ್ಲ ಎಂದು ಆ ಕಾಲದ ಬರಹ ಹೇಳುತ್ತದೆ. ಮಗಳು ಫೋಟೋ ತೆಗೆಯುತ್ತಿದ್ದಳು. ನಾನು ಆ ಕುಲಾವಿಯ ಅಂಚನ್ನೇ ನೋಡುತ್ತಾ ನಿಂತಿದ್ದೆ.

ನೋಟ್‌ಬುಕ್ಕಿನ ಪುಟ

ಈಗ ನೀವೇ ಒಂದು ಹೆಸರು ತೆಗೆದುಕೊಳ್ಳಿ. ಜಡ್ಜ್‌ಗಳ ಹೆಸರು, ಕಾಲ ಬೇಕಿದ್ದರೆ ಎಡ್ವರ್ಡ್ ಫಾಸ್ ಎಂಬ ವಕೀಲರು 1848ರಿಂದ 1864ರವರೆಗೆ ಬರೆದ ಒಂಬತ್ತು ಸಂಪುಟಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹಳೆಯ ಪುಸ್ತಕ. ಹೆಸರು ಹುಡುಕಲು ಅದರಿಂದ ಶುರುಮಾಡಿ, ವಿವರವನ್ನು ಹೊಸ ಬರಹದ ಜೊತೆ ತಾಳೆ ನೋಡಿ.

ಪುಟಕ್ಕೆ ಐದು ಕಾಲಂ ಗೀಟು ಹಾಕಿ. ಸುರುಳಿಯಲ್ಲಿ ಇದ್ದ ರೂಪ. ಈಗಿನ ರೂಪ. ಭಾಷೆ ಮತ್ತು ತುಂಡುಗಳ ಅರ್ಥ. ಇಟ್ಟ ಕಾರಣ. ಊರು ಅಥವಾ ಅಪ್ಪ. ಇಟ್ಟ ಕಾರಣಕ್ಕೆ ಕಾಗದದ ಆಧಾರ ಸಿಗದಿದ್ದರೆ ಆ ಕಾಲಂ ಖಾಲಿ ಬಿಡಿ. ಊಹೆಯಿಂದ ತುಂಬಿದ ಪುಟಕ್ಕಿಂತ ಖಾಲಿ ಬಿಟ್ಟ ಪುಟಕ್ಕೆ ನಾನು ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ.

ಆ ಹಿಂದಿನ ಬೆಂಚಿನ ಹುಡುಗಿಗೆ ಕೊಟ್ಟ ಹೆಸರು ಗಿಲ್ಬರ್ಟ್ ದ ಥಾರ್ನ್‌ಟನ್. ಹೆಂಗಮ್ ಹೋದ ಮೇಲೆ 1290ರಲ್ಲಿ ಕಿಂಗ್ಸ್ ಬೆಂಚ್‌ನ ಮುಖ್ಯ ನ್ಯಾಯಮೂರ್ತಿ ಆದವನು. ಅವಳು ತಂದ ಪುಟದಲ್ಲಿ ಹೀಗಿತ್ತು. ಗಿಲ್ಬರ್ಟುಸ್. ಗಿಲ್ಬರ್ಟ್. ಜರ್ಮನಿಕ್: ಒತ್ತೆ, ಹೊಳಪು. ನಾಲ್ಕನೇ ಕಾಲಂ ಖಾಲಿ. ಊರು: ಮುಳ್ಳುಗಿಡಗಳ ಹೊಲಮನೆ. ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿದ್ದಳು: 'ನಮ್ಮ ಕಡೆ ಆಗಿದ್ದರ ಜಾಲಿಹಾಳ ಅಂತಿದ್ವಿ.'